ಡೈರಿಯಲ್ಲಿ ಬರೆಯದ ಕೆಲಸ

ಹರ್ತಿಯ ಗದಿಗೆವ್ವ ಹೀಗೆ ಕೈಕೊಡುತ್ತಾಳೆಂದು ಶಾಹಿಸ್ತಾ ಕನಸಿನಲ್ಲೂ ಎಣಿಸಿರಲಿಲ್ಲ. ಅಲ್ಲ, ಎಣಿಸುವುದಾದರೂ ಹೇಗೆ? ಲಕ್ವಾ ಹೊಡೆದು ಮಲಗಿದ ಮುದುಕಿಯ ಹತ್ತಿರ ಸ್ವಂತ ಸೊಸೆಯೇ ಮೂಗು ಮುಚ್ಚಿಕೊಂಡು ಸುಳಿಯುತ್ತಿದ್ದಳು. ಏಳು ತಿಂಗಳು ಮೈ ತೊಳೆದು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿ, ತುತ್ತು ಮಾಡಿ ಉಣ್ಣಿಸಿದವಳು ಶಾಹಿಸ್ತಾ! ಬೆಟಗೇರಿಯ ನೇಕಾರ ಬುಡ್ಡೇಸಾಬನ ಮಗಳು. ಗದಗಿನ ಕಾಲೇಜಿನಲ್ಲಿ ಸಮಾಜಕಾರ್ಯದ ಪದವಿಯ ಕೊನೆಯ ವರ್ಷ. ವಾರಕ್ಕೆರಡು ದಿನ ಒಂದು ಮನೆಗೆ ಹೋಗಿ ಆರೈಕೆ ಮಾಡಬೇಕು, ಮಾಡಿದ್ದನ್ನು ಡೈರಿಯಲ್ಲಿ ಬರೆಯಬೇಕು. ಅದರ ಮೇಲೆಯೇ ಪಾಸು, ನಪಾಸು.

ಬರೆಯುವಲ್ಲೇ ಹುಡುಗಿ ಎಡವಿದ್ದು. ಮೊದಲ ತುತ್ತು ಉಂಡ ದಿನವೇ ಗದಿಗೆವ್ವ ಅವಳ ಕೈ ಹಿಡಿದಿದ್ದಳು.

"ಸಾಬರ ಹುಡುಗಿ ಕೈಯಾಗ ಉಂಡೇನಂತ ಬರೀಬ್ಯಾಡವ್ವಾ. ನಮ್ಮ ಮಂದಿ ಒಪ್ಪಂಗಿಲ್ಲ. ನನ್ನ ಮಗಳಿದ್ದಂಗ ನೀ."

ಮಗಳು ಅಂದರೆ ಕರಗದವರುಂಟೆ? ಪೆದ್ದಿ, ಪ್ರತಿ ಪುಟದಲ್ಲೂ 'ಮಾತುಕತೆ' ಎಂದಷ್ಟೇ ಬರೆದಳು.

ಪರೀಕ್ಷೆಗೆಂದು ಗದಿಗೆವ್ವನ ಮನೆಗೇ ಬಂದ ಕಾಲೇಜಿನ ಮೇಡಂ ಡೈರಿ ತಿರುವಿ ಹುಬ್ಬು ಗಂಟಿಕ್ಕಿದರು. ಗ್ರಹಚಾರ ನೋಡಿ, ಅಂದೇ ಮುದುಕಿಯ ಮೊಮ್ಮಗಳನ್ನು ನೋಡಲು ಮುಂಡರಗಿಯಿಂದ ಗಂಡಿನ ಕಡೆಯವರು ಬಂದು ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದರು.

"ಅಜ್ಜಿ, ನಿಮ್ಮ ಆರೈಕಿ ಯಾರು ಮಾಡ್ತಾರ್ರಿ?" ಮೇಡಂ ಕೇಳಿದರು.

ಶಾಹಿಸ್ತಾ ಮುದುಕಿಯ ಮುಖ ನೋಡಿದಳು. ಒಂದು ಮಾತು ಸಾಕಿತ್ತು.

ಗದಿಗೆವ್ವ ನೋಡಿದ್ದು ಬೀಗರಾಗುವವರ ಕಡೆ. "ನನ್ನ ಸೊಸಿ ಮಾಡ್ತಾಳ್ರಿ. ಈ ಹುಡುಗಿ ಹೊರಗ ಕುಂತು ಮಾತಾಡಿ ಹೋಗ್ತಾಳ."

ಅಬ್ಬಾ, ಏನು ಸಲೀಸಾಗಿ ಬಂತು ಸುಳ್ಳು! ಹುಣ್ಣು ಎಲ್ಲಿದೆ, ಎಷ್ಟಗಲವಿದೆ ಎಂದು ಶಾಹಿಸ್ತಾ ಬಾಯಿ ಬಿಟ್ಟರೆ ಎಲ್ಲ ಅಲ್ಲೇ ಬಯಲಾಗುತ್ತಿತ್ತು. ಆದರೆ ರೋಗಿಯ ಗುಟ್ಟನ್ನು ನಾಲ್ಕು ಜನರೆದುರು ಆಡಬಾರದೆಂದು ಕಲಿಸಿದ್ದೂ ಅದೇ ಕಾಲೇಜು. ಡೈರಿ ವಾಪಸು ಪಡೆಯಲು ಕೈ ಚಾಚಿದಳು.

"ಮಾತಾಡಿದ್ದಕ್ಕ ಪಾಸ್ ಮಾಡಾಕ ಬರಂಗಿಲ್ಲ. ಮುಂದಿನ ವರ್ಷ ಮತ್ತ ಮಾಡು," ಎಂದು ಮೇಡಂ ಹೊರಟುಹೋದರು.

ಬಂದವರು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಗದಿಗೆವ್ವ ಅವಳ ದುಪಟ್ಟಾ ಜಗ್ಗಿದಳು. "ಸಿಟ್ಟಾಗಬ್ಯಾಡ ಮಗಳ. ನಾಳಿ ಜಲ್ದಿ ಬಾ. ಬೆನ್ನು ಭಾಳ ಉರಿಯಾಕತ್ತೈತಿ."

ಶಾಹಿಸ್ತಾ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಿತ್ತು.

"ನಿಮ್ಮ ಸೊಸಿಗೆ ಹೇಳ್ರಿ, ಅವ್ವಾ."