ಪಾವಿನ ಆಚೆ ಬದಿ

ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಕಣ್ಣು ಬೀದಿಯ ಮಟ್ಟಕ್ಕೆ ಬರುತ್ತದೆ. ನಮ್ಮ ಮನೆಯ ಕಿಟಕಿಯೂ ತಗ್ಗಿನದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತ ಮೇಲೆ ನನಗೆ ಲೋಕವೆಲ್ಲ ಕಾಲುಗಳಾಗಿ ಕಾಣತೊಡಗಿತು. ತೆಂಗಿನಕಾಯಿ ಸುಲಿಯುವವರ ಒಡೆದ ಹಿಮ್ಮಡಿ, ನೆಲಗಡಲೆ ಹೊಲದ ಕೆಂಪು ಮಣ್ಣು ಮೆತ್ತಿದ ಪಾದ, ಕಾಲೇಜು ಮಕ್ಕಳ ಬಿಳಿ ಶೂ.

ತಮಿಳುನಾಡಿನ ಉಡುಮಲೈಪೇಟೆಯ ಆಚೆಗಿರುವ ನಮ್ಮ ಊರಿಗೆ ಕಾಲೇಜು ಬಂದು ಬಹಳ ವರ್ಷವಾಯಿತು. ಬಾಡಿಗೆ ರೂಮಿನ ಹುಡುಗಿಯರೆಲ್ಲ ಮುಖ್ಯ ರಸ್ತೆಯಲ್ಲೇ ಹೋಗುತ್ತಾರೆ, ಅದೇ ಹತ್ತಿರ. ಒಬ್ಬಳು ಮಾತ್ರ ಮೂರು ವರ್ಷದಿಂದ ನಮ್ಮ ನೇಕಾರರ ಬೀದಿಯನ್ನು ಬಳಸಿಕೊಂಡು ಹೋಗುತ್ತಿದ್ದಳು. ನೀಲಿ ಚಪ್ಪಲಿ, ಕಪ್ಪು ದಾರದಲ್ಲಿ ಹೊಲಿದ ಬಾರು. ಕಿಟಕಿಯ ಹತ್ತಿರ ಬಂದಾಗ ಆ ಚಪ್ಪಲಿಯ ನಡಿಗೆ ನಿಧಾನವಾಗುತ್ತಿತ್ತು. ಅದು ಕಣ್ಮರೆಯಾದ ಮೇಲೂ ನನ್ನ ಲಾಳಿಯ ಸದ್ದಿನೊಳಗೆ ನಡೆಯುತ್ತಲೇ ಇರುತ್ತಿತ್ತು. ತೋಟದ ನೆರಳು ದಾಟಿ, ಕಾಲುವೆಯ ಏರಿ ಹತ್ತಿ, ಬೆಟ್ಟದ ಸಂದಿನಿಂದ ಬರುವ ಗಾಳಿಗೆ ತಿರುಗುವ ಗಾಳಿಯಂತ್ರಗಳ ಬಿಳಿ ರೆಕ್ಕೆಗಳ ಕಡೆಗೆ. ಜೊತೆಯಲ್ಲಿ ನಾನೂ ಇರುತ್ತಿದ್ದೆ. ಅಲ್ಲಿ ನಾವಿಬ್ಬರು ಹುಡುಗಿಯರೂ ಮಾತಾಡುತ್ತಿದ್ದೆವು.

ನಿಜದಲ್ಲಿ ಒಂದು ಮಾತೂ ಆಡಿರಲಿಲ್ಲ.

ಬೀದಿಯ ಉಳಿದವರು ಅವಳ ಬಗ್ಗೆ ಆಡದ ಮಾತಿಲ್ಲ. ಮನೆಯಲ್ಲಿ ಕನ್ನಡ, ಹೊರಗೆ ತಮಿಳು ಎಂದು ಬದುಕುವವರು ನಾವು. ಹೊರಗಿನವರ ಎದುರೇ ಅವರ ಬಗ್ಗೆ ಕನ್ನಡದಲ್ಲಿ ಮಾತಾಡಿಕೊಳ್ಳುವುದು ಈ ಬೀದಿಯ ಹಳೆಯ ಸುಖ. ಅವಳ ಉದ್ದ ಕಾಲು ನೋಡಿ ನನ್ನ ಅಜ್ಜಿ ನಾಚಿಯಮ್ಮ ‘ಕೊಕ್ಕರೆ’ ಎಂದು ಹೆಸರಿಟ್ಟಿದ್ದಳು. ‘ಕೊಕ್ಕರೆ ಇವತ್ತು ತಲೆಗೆ ಎಣ್ಣೆ ಹಾಕಿಲ್ಲ ನೋಡು ರಾಮಾಯಿ’ ಎಂದರೆ, ಎದುರು ಮನೆಯಲ್ಲಿ ಇಡ್ಲಿ ಮಾರುವ ರಾಮಾಯಕ್ಕ, ‘ಹಾಕಿದ್ರೆ ಜಾರಿ ಹೋಗ್ತಾಳೆ ಅತ್ತೆ, ಅಷ್ಟು ಒಲ್ಲಿ, ಕಡ್ಡಿ ಥರ’ ಅನ್ನುವಳು.

ಆ ರಾಮಾಯಕ್ಕನೇ ಸುದ್ದಿ ತಂದಳು. ‘ನಾಳೆ ಕಡೇ ಪರೀಕ್ಷೆ. ಮೂರನೇ ವರ್ಷದ ಹುಡ್ಗೀರೆಲ್ಲ ರೂಮ್ ಕಾಲಿ ಮಾಡ್ತವರೆ. ನನ್ನ ಯಾವಾರ ಮುಗೀತು.’

ನಾಳೆ ಅವಳ ಹತ್ತಿರ ಮಾತಾಡಲೇಬೇಕು. ‘ಉಂಗ ಪೇರು ಎನ್ನಂಗ?’ ಎಂದು ತಮಿಳಿನಲ್ಲಿ ಹೆಸರು ಕೇಳುವುದನ್ನು ಮನಸ್ಸಿನೊಳಗೇ ಹೇಳಿ ಹೇಳಿ ನೋಡಿಕೊಂಡೆ.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಪಾವು ಹಾಕುವ ಸರದಿ. ಪಾವೆಂದರೆ ಸೀರೆಯ ಉದ್ದೆಳೆಯ ನೂಲನ್ನು ಬೀದಿಯುದ್ದಕ್ಕೂ ಬಿಗಿದು, ಗಂಜಿ ಬಳಿದು, ಕುಂಚದಿಂದ ತೀಡುವ ಕೆಲಸ. ಗಾಳಿ ಏಳುವ ಮೊದಲು ಒಣಗಬೇಕು. ಬಿಗಿದ ಪಾವನ್ನು ಯಾರೂ ದಾಟುವಂತಿಲ್ಲ. ಆಚೆ ಹೋಗಬೇಕಾದವರು ತುದಿಯವರೆಗೂ ನಡೆದು ಸುತ್ತಿ ಬರಬೇಕು, ಇಲ್ಲವೆ ಮನೆಯವರು ನೂಲೆತ್ತಿದರೆ ಬಗ್ಗಿ ಅಡಿಯಲ್ಲಿ ನುಸುಳಬೇಕು. ಕಡಿದ ಎಳೆ ಕಟ್ಟಲು ನಾನು ಪಾವಿನ ಆಚೆ ಬದಿ, ಕಾಲೇಜಿಗೆ ಹೋಗುವ ಸಂದಿನ ಬಾಯಲ್ಲಿ ಕೂತಿದ್ದೆ.

ಅವಳು ಓಡುತ್ತಾ ಬಂದಳು. ಹೊತ್ತಾಗಿತ್ತೇನೋ, ಕಾಲೇಜಿನ ಗಂಟೆ ಆಗಲೇ ಒಮ್ಮೆ ಹೊಡೆದಿತ್ತು. ಪಾವಿನ ಎದುರು ಬಂದವಳ ನೀಲಿ ಚಪ್ಪಲಿ ನೆಲ ಬಿಟ್ಟಿತು.

‘ಅಯ್ಯೋ, ಕೊಕ್ಕರೆ ಕಾಲು ಎತ್ತಿಬಿಟ್ಟಳಲ್ಲ!’ ಅಜ್ಜಿ ಕೂಗಿದಳು. ‘ದಾಟಿದ್ರೆ ಕಾಲು ಮುರೀತೀನಿ, ತಮಿಳಲ್ಲಿ ಸೊಲ್ಲು ರಾಮಾಯಿ ಅವಳಿಗೆ!’

ಕಾಲು ಹಾಗೆಯೇ ಕೆಳಗಿಳಿಯಿತು.

‘ದಾಟಲ್ಲ ಕಣಜ್ಜಿ,’ ಎಂದಳು ಅವಳು, ಅಚ್ಚ ಕನ್ನಡದಲ್ಲಿ. ‘ಎತ್ಕೊಟ್ರೆ ಕೊಕ್ಕರೆ ಬಗ್ಗಿ ಹೋಯ್ತದೆ.’

ಬೀದಿಯಲ್ಲಿ ಕುಂಚಗಳೆಲ್ಲ ನಿಂತವು. ಅಜ್ಜಿಯ ಬಾಯಿ ತೆರೆದೇ ಇತ್ತು. ರಾಮಾಯಕ್ಕ ಇಡ್ಲಿ ಪಾತ್ರೆ ನೆನಪಾದವಳಂತೆ ಒಳಗೆ ಓಡಿದಳು. ಮೂರು ವರ್ಷದಲ್ಲಿ ಯಾರ್ಯಾರು ಏನೇನು ಅಂದಿದ್ದೆವೋ ಎಂದು ಪ್ರತಿಯೊಬ್ಬರೂ ಹುಡುಕಿಕೊಳ್ಳುತ್ತಿದ್ದದ್ದು ಅವರ ಮುಖದಲ್ಲೇ ಕಾಣುತ್ತಿತ್ತು.

ನಾನು ಎದ್ದು ಎರಡೂ ಕೈಯಲ್ಲಿ ನೂಲಿನ ಅಡಿಯ ಕೋಲು ಎತ್ತಿದೆ. ಅವಳು ಬಗ್ಗಿ ನೂಲಿನಡಿಗೆ ಬಂದಳು. ಒದ್ದೆ ನೂಲಿನೊಳಗಿಂದ ಸೋಸಿ ಬಂದ ಬೆಳಕು ಅವಳ ಮುಖದ ಮೇಲೆ ಸಣ್ಣ ಸಣ್ಣ ಗೆರೆಯಾಗಿ ಬಿದ್ದಿತ್ತು. ಅಲ್ಲೇ ಕುಕ್ಕರುಗಾಲಲ್ಲಿ ಕೂತಳು.

‘ನಮ್ಮೂರು ಹನೂರು. ರೂಮಲ್ಲಿ ಎಲ್ರೂ ತಮಿಳು, ಮಲಯಾಳ. ಕನ್ನಡ ಕೇಳಕ್ಕೇ ಈ ಬೀದೀಲಿ ಬತ್ತಿದ್ದೆ ಕಣಕ್ಕ. ಬೈಗುಳಾದ್ರೂ ಸರಿ, ನಮ್ಮಜ್ಜಿ ಬಯ್ದಂಗೇ ಇರದು.’ ನಕ್ಕಳು. ‘ಬಾಯಿ ಬಿಟ್ಟು ಹೇಳಿದ್ರೆ ನೀವೆಲ್ಲ ಮಾತು ನಿಲ್ಲಿಸ್ತೀರಿ ಅಂತ ಸುಮ್ನಿದ್ದೆ. ಎಲ್ರ ದನೀನೂ ಗೊತ್ತು ನಂಗೆ. ನಿಮ್ದೊಂದೇ ಗೊತ್ತಿಲ್ಲ.’

ಗಂಟೆ ಎರಡನೇ ಸಲ ಹೊಡೆಯಿತು. ಗಾಳಿ ಎದ್ದು ಪಾವಿನುದ್ದಕ್ಕೂ ಅಲೆ ಓಡಿತು. ಎತ್ತಿ ಹಿಡಿದ ನೂಲಿನಲ್ಲಿ ನಾಲ್ಕಾರು ಎಳೆ ಕಡಿದವು. ಅವಳು ನುಸುಳಿ ನನ್ನ ಬದಿಗೆ ಬಂದು ಸಂದಿನಲ್ಲಿ ಓಡತೊಡಗಿದಳು. ನಾನು ಕಲಿತಿಟ್ಟುಕೊಂಡಿದ್ದ ತಮಿಳು ಮಾತು ಇನ್ನು ಬೇಕಿರಲಿಲ್ಲ. ಚಪ್ಪಲಿ ಸಣ್ಣದಾಗುತ್ತಾ ಹೋಯಿತು.

‘ಮಧ್ಯಾಹ್ನ ಊಟಕ್ಕೆ ಬಾ!’

ಅದು ನನ್ನದೇ ದನಿ. ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಅವಳು ಓಡುತ್ತಲೇ ತಿರುಗಿ ಕೈ ಎತ್ತಿದಳು.

‘ಕೂಗಿದ್ದು ಸಾಕು ಅಮ್ಮಣಿ, ಎಳೆ ಕಟ್ಟು,’ ಎಂದಳು ಅಜ್ಜಿ. ಆಮೇಲೆ ತಗ್ಗಿದ ದನಿಯಲ್ಲಿ, ‘ಅವಳು ಏನ್ ತಿಂತಾಳಂತೆ?’

ಒಂದೊಂದೇ ಎಳೆ ಕಟ್ಟಿದೆ. ಪಾವು ಒಣಗಿತು, ಸುತ್ತಿದೆವು, ಬೀದಿ ಖಾಲಿಯಾಯಿತು. ಹುಚ್ಚು ಗಾಳಿಗೆ ತೆಂಗಿನ ಗರಿಗಳು ಒಂದೇ ಕಡೆಗೆ ಬಾಗಿದ್ದವು. ನಾನು ಮಗ್ಗದ ಗುಂಡಿಗೆ ಕಾಲಿಳಿಸಿ ಕೂತೆ. ಲಾಳಿ ಆಡಿಸಲಿಲ್ಲ.

ಬಿಸಿಲು ಕಿಟಕಿಯ ಸರಳು ದಾಟಿ ಬಂದ ಹೊತ್ತಿಗೆ ನೀಲಿ ಚಪ್ಪಲಿ ಬಂತು. ಕಿಟಕಿಯ ಹತ್ತಿರ ನಿಧಾನವಾಯಿತು. ನಿಂತಿತು. ಆಮೇಲೆ ಅದರೊಳಗಿಂದ ಪಾದ ಎರಡೂ ಹೊರಗೆ ಬಂದು ನಮ್ಮ ಮೆಟ್ಟಿಲು ಹತ್ತಿದವು.