ಹಳೆಯ ನಾಜಲ್‌ಗಳ ಸಪ್ಪಳ

೧೯೮೩ರ ಸುಗ್ಗಿಯಲ್ಲಿ ಗಂಗಾವತಿಯ ಲಾರಿಯವರಿಗೆ ಒಂದು ಹುಚ್ಚು ಹಿಡಿದಿತ್ತು. ಭತ್ತವನ್ನು ಎಲ್ಲರಿಗಿಂತ ಮೊದಲು ಮಿಲ್ಲಿಗೆ ಮುಟ್ಟಿಸಿದವನೇ ಗಂಡಸು! ಆ ಹುಚ್ಚಿಗೆ ಬಿದ್ದು ದುರುಗಪ್ಪ ತನ್ನ ಲಾರಿಯ ಎಂಜಿನ್‌ಗೆ ವೇಗ ಹೆಚ್ಚಲೆಂದು ಡೀಸೆಲ್ ಚಿಮ್ಮುವ ದೊಡ್ಡ ನಾಜಲ್‌ಗಳನ್ನು ಹಾಕಿಸಿದ. ಅವಕ್ಕೆ ಸಾಲುವಷ್ಟು ಡೀಸೆಲ್ ಬರಲೆಂದು ಮೇಸ್ತ್ರಿ ಗಾದಿಲಿಂಗಪ್ಪ ಪಂಪಿಗೆ ಕಂಪನಿಯವರು ಹಾಕಿದ್ದ ಸೀಸದ ಸೀಲು ಒಡೆದು ಸ್ಕ್ರೂ ತಿರುಗಿಸಿಕೊಟ್ಟ. ಸುಗ್ಗಿ ಮುಗಿಯುವ ಮೊದಲೇ ಮುನಿರಾಬಾದ್ ದಾರಿಯ ತಿರುವಿನಲ್ಲಿ ಲಾರಿ ಉರುಳಿ ದುರುಗಪ್ಪ ತೀರಿಕೊಂಡ.

ರಿಪೇರಿಯಾದ ಲಾರಿಯನ್ನು ಮಾರುವ ಹಿಂದಿನ ದಿನ ಅವನ ಹೆಂಡತಿ ಯಮನೂರಮ್ಮ ಗಾದಿಲಿಂಗಪ್ಪನ ಗ್ಯಾರೇಜಿಗೆ ಬಂದಳು. ಸೆರಗಿನ ಗಂಟಿನಲ್ಲಿ ಹಳೆಯ ಸಣ್ಣ ನಾಜಲ್‌ಗಳಿದ್ದವು. ಗಾಡಿಯಿಂದ ಬಿಚ್ಚಿದ ಸಾಮಾನೂ ಲಕ್ಷ್ಮಿಯೇ ಎಂದು ಅವನ್ನು ದೇವರ ಜಗಲಿಯ ಮೇಲಿಟ್ಟಿದ್ದಳು. ಅರಿಶಿನ ಮೆತ್ತಿಕೊಂಡಿತ್ತು.

"ಇವನ್ನ ಹಾಕ್ರಿ."

"ಗಾಡಿ ತಗೊಳ್ಳಾವ ದೊಡ್ಡ ನಾಜಲ್ಲ ಇರ್ಲಿ ಅಂದಾನ, ತಂಗಿ. ಮಾರೋ ಗಾಡಿಗ್ಯಾಕ ಈ ಉಸಾಬರಿ?"

"ಹಾಕ್ರಿ ಅಂದ್ರ ಹಾಕ್ರಿ, ಅಣ್ಣಾ."

ಗಾದಿಲಿಂಗಪ್ಪ ಅರಿಶಿನವನ್ನು ಡೀಸೆಲ್‌ನಲ್ಲಿ ತೊಳೆದು ನಾಜಲ್ ಕೂರಿಸಿದ. ಪಂಪಿನ ಸ್ಕ್ರೂ ಹಿಂದಕ್ಕೆ ತಿರುಗಿಸಿ ಹೊಸ ಸೀಲು ಒತ್ತಿದ. ಎಂಜಿನ್ ಚಾಲೂ ಆಯಿತು.

ಯಮನೂರಮ್ಮ ಕಣ್ಣು ಮುಚ್ಚಿದಳು.

"ಈ ಸಪ್ಪಳ ಕೆರಿ ದಂಡಿಮ್ಯಾಲ ಕೇಳಿದ್ರ ಸಾಕು, ನಾ ರೊಟ್ಟಿ ಬಡ್ಯಾಕ ಕುಂದ್ರತಿದ್ದೆ. ಆ ದೊಡ್ಡವು ಹಾಕಿಸಿದ ಮ್ಯಾಲ ಸಪ್ಪಳಾನ ಬ್ಯಾರೆ ಆತು, ಅವ್ರು ಬಂದದ್ದು ನನಗ ಒಮ್ಮೆನೂ ತಿಳೀಲಿಲ್ಲ."

ಗಾದಿಲಿಂಗಪ್ಪ ಎಂಜಿನ್ ಬಂದ್ ಮಾಡಲು ಕೈ ಚಾಚಿದ.

"ತಡೀರಿ ಅಣ್ಣಾ," ಎಂದಳು ಕಣ್ಣು ತೆರೆಯದೆ. "ಒಂದು ರೊಟ್ಟಿ ಬೇಯೋತನಕಾ ಇರ್ಲಿ."