ಮಣ್ಣಿಗೆ ಎತ್ತಿಟ್ಟ ಚಿಲ್ಲರ

ನಮ್ಮತ್ತಿ ಕಾಳವ್ವನವರ ಮಂಚದ ಕೆಳಗ ತಗಡಿನ ಎಣ್ಣಿ ಡಬ್ಬಿ ಸಾಲಾಗಿ ಇದ್ವು. ಎಲ್ಲಾದರಾಗೂ ಚಿಲ್ಲರ. ಕಸಾ ಹೊಡಿಯೂವಾಗ ದಿನಾ ಅವನ್ನ ಹೊರಗ ಜಗ್ಗಬೇಕು, ಹೊಡದ ಮ್ಯಾಲ ಮತ್ತ ಒಳಗ ನೂಕಬೇಕು. ನನ್ನ ನಡಾ ಹಿಡಿದಿದ್ದು ಮಕ್ಕಳನ್ನ ಹಡದಲ್ಲ, ಆ ಡಬ್ಬಿ ಜಗ್ಗಿ.

ಅದು ಅವರು ತಮ್ಮ ಮಣ್ಣಿಗೆ ಅಂತ ಎತ್ತಿಟ್ಟ ರೊಕ್ಕ. ನಮ್ಮ ಮಂದ್ಯಾಗ ಸತ್ತವರನ್ನ ಹೂವಿನ ವಿಮಾನದಾಗ ಕುಂಡ್ರಿಸಿ ಮಣ್ಣಿಗೆ ಒಯ್ಯೂವಾಗ, ದಾರಿ ಉದ್ದಕ್ಕೂ ಚುರಮುರಿ ಜೋಡಿ ಚಿಲ್ಲರ ತೂರ್ತಾರ. ಬಡವರ ಹುಡುಗ್ರು ಆರಿಸ್ಕೋತಾರ. ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರು ಅಂತಾರಲ್ಲ, ನಮ್ಮತ್ತಿದು ಅದಕ್ಕೂ ಒಂದು ಕೈ ಮ್ಯಾಲ.

ಹಂಗ ಮಾಡಾಕ ಒಂದು ಕಾರಣ ಇತ್ತು. ಅವರಪ್ಪ ಲಗೂ ತೀರಿದ್ದ. ಸಣ್ಣಾಕಿದ್ದಾಗ ಅತ್ತಿ, ನಾವು ಬಾಡಗಿಗೆ ಇದ್ದ ಕಮರಿಪೇಟ್ಯಾಗನ ಯಾರ ವಿಮಾನ ಹೊಂಟ್ರೂ ಹಿಂದ ಓಡತಿದ್ರಂತ. ರೊಕ್ಕ ಬಿದ್ದ ಕೂಡ್ಲೆ ಬಗ್ಗಬಾರ್ದು, ಬಗ್ಗಿದ್ರ ದೊಡ್ಡ ಹುಡುಗ್ರು ಕೈ ತುಳದು ಕಸಗೋತಾರ. ಅದಕ್ಕ ಮೊದಲ ಅದರ ಮ್ಯಾಲ ಕಾಲಿಟ್ಟು ಮುಚ್ಚಬೇಕು, ಆಮ್ಯಾಲ ಏನೂ ಗೊತ್ತಿಲ್ಲದವರಂಗ ಮ್ಯಾಲ ನೋಡ್ಕೋತ ನಿಲ್ಲಬೇಕು. ಮಂದಿ ದಾಟಿದ ಮ್ಯಾಲ ಎತ್ತಬೇಕು. ಹಂಗ ಕೂಡಿಸಿದ ರೊಕ್ಕದಾಗ ಪಾಟಿ ತಗೊಂಡು ಸಾಲಿಗೆ ಹೋಗಿ, ನಾಕಕ್ಷರ ಕಲತ್ರು. ಇವತ್ತಿಗೂ ಪೇಪರು ನನಗಿಂತ ಮೊದಲ ಅವರ ಕೈಗೆ ಬೇಕು. ಯಾರದೋ ಸಾವಿನ ರೊಕ್ಕ ನನಗ ಪಾಟಿ ಕೊಡಿಸ್ತು, ನನ್ನ ಸಾವಿನ ರೊಕ್ಕ ಯಾವದರೆ ಹುಡುಗಿಗೆ ಏನರೆ ಕೊಡಿಸ್ಲಿ, ಅನ್ನೂದು ಅವರ ಮಾತು. ಈ ಕಥಿ ಕೇಳಿ ಕೇಳಿ ನಂಗ ಬಾಯಿಪಾಠ ಆಗಿತ್ತು.

ಪ್ಯಾಟ್ಯಾಗ ಎಲ್ಲಾರೂ ಫೋನ್ ತೋರಿಸಿ ರೊಕ್ಕ ಕೊಡಾಕ ಸುರು ಮಾಡಿದ ಮ್ಯಾಲ ಚಿಲ್ಲರ ಬರೂದು ಕಡಿಮಿ ಆತು. ಅತ್ತಿ ಬಿಡಬೇಕಲ್ಲ. ಕಾಯಿಪಲ್ಲೆ ಮಾರೂ ಫಕೀರವ್ವಗ ನೋಟು ಕೊಟ್ಟು, ಉಳದದ್ದು ಚಿಲ್ಲರಾನ ಬೇಕಂತ ಗಾಡಿ ಮುಂದ ನಿಂತುಬಿಡ್ತಿದ್ರು. ಹತ್ತರ ಕಾಯಿನ್ ನಡಿಯಂಗಿಲ್ಲ ಅಂತ ಊರಾಗ ಸುದ್ದಿ ಎದ್ದಿತ್ತು ನೋಡ್ರಿ, ಆಗ ಓಣ್ಯಾನ ಮಂದಿ ತಮ್ಮ ಕಡೆ ಇದ್ದದ್ದೆಲ್ಲ ತಂದು ಅತ್ತಿಗೆ ಕೊಟ್ಟು ನೋಟು ಒಯ್ದ್ರು. ನಾ ಹಣಿ ಹಣಿ ಬಡಕೊಂಡೆ. ಅವರು ಹಬ್ಬದಾಗ ಇದ್ದಂಗ ಇದ್ರು.

ಊರ ಆ ಕಡೆ ಬೆಂಗೇರ್ಯಾಗ ನಮ್ಮದೊಂದು ಸ್ವಂತ ಮನಿ ಆತು. ಬಾಡಗಿ ಮನಿ ಬಿಡೂ ದಿನಾ ಹತ್ರ ಬಂದಾಗ ಬಾಜೂ ಮನಿ ಸಾವಂತ್ರೆವ್ವ ತೀರಿಕೊಂಡ್ರು. ಅತ್ತಿಗೆ ಸಣ್ಣಂದಿನ ಗೆಳತಿ. ವಿಮಾನ ಹೊಂಟ ಮ್ಯಾಲ ಅತ್ತಿ ಕಟ್ಟಿ ಮ್ಯಾಲ ಕುಂತು ದಾರಿ ನೋಡಿದ್ರು. ಚಿಲ್ಲರ ತೂರಿದ್ದು ತೂರಿದಲ್ಲೇ ಬಿದ್ದಿತ್ತು. ಹುಡುಗ್ರು ದಾಟಿಕೊಂಡು ಹೋದ್ರು, ಬೈಕು ಅದರ ಮ್ಯಾಲ ಹಾದು ಹೋದ್ವು. ಮರುದಿನ ಮುಂಜಾನೆ ಚುರಮುರಿ ಜೋಡಿ ಅದನ್ನೂ ಬಳದು ಕಸದ ಗಾಡ್ಯಾಗ ಹಾಕಿದ್ರು.

ಅವತ್ತು ಅತ್ತಿ ರೊಟ್ಟಿ ಮುಟ್ಟಲಿಲ್ಲ. ಸಂಜೀಕ ನನ್ನ ಕರದು, "ರಾಜವ್ವಾ, ಒಬ್ಬರೂ ಬಗ್ಗಲಿಲ್ಲಲ್ಲ. ನಂದೂ ಹಿಂಗ ಕಸದ ಗಾಡಿ ಪಾಲು ಆಗ್ತೈತೇನು?" ಅಂದ್ರು. ಇಷ್ಟು ವರ್ಷ ಬೈದಿದ್ದೆ ಖರೇ, ಆದ್ರ ಆ ಡಬ್ಬಿ ತುಂಬಿದ್ದು ಸುಳ್ಳ ಆತಲ್ಲ ಅಂತ ಭಾಳ ಕೆಟ್ಟ ಅನಸ್ತು.

ನಮ್ಮ ಮನಿಯವರು ಶಾಂತಯ್ಯ ಕಾಳಿನ ಅಡತಿ ಅಂಗಡ್ಯಾಗ ದಿವಾಣಜಿ. ಲೆಕ್ಕದ ಮನಷ್ಯಾ. ಬ್ಯಾಂಕಿಗೆ ಹಾಕೂಣು ಅಂತ ಕೇಳಾಕ ಹೋದ್ರ, ಒಂದರದು ಬ್ಯಾರೆ, ಎರಡರದು ಬ್ಯಾರೆ ಮಾಡಿ, ಎಣಿಸಿ ಚೀಲಾ ಕಟ್ಟಿ, ದಿನಾ ಸ್ವಲ್ಪ ಸ್ವಲ್ಪ ತರ್ರಿ ಅಂತ ಬ್ಯಾಂಕಿನವರು ಅಂದ್ರಂತ. ಹಂಗಾರ ಮಠದ ಹುಂಡ್ಯಾಗರೆ ಹಾಕೂಣು ಅಂತ ಮನಿಯವರು ಅಂದ್ರು. ಹುಂಡಿ ಏನು ಸಾಲಿಗೆ ಹೋಗ್ತೈತೇನಪಾ ಅಂತ ಅತ್ತಿ ಕೇಳಿದ್ರು.

ಸಾಮಾನು ಒಯ್ಯೂ ದಿನಾ ಫಾರೂಕನ ಟೆಂಪೊ ಬಂತು. ಮನಿಯವರು ದೇವರ ಪೆಟಗಿ ಹಿಡ್ಕೊಂಡು ಮುಂದ ಫಾರೂಕನ ಬಾಜೂಕ ಕುಂತ್ರು. ಅತ್ತಿಗೆ ಆಟೊ ಮಾಡೇವಿ ಅಂದ್ರ ಒಲ್ಲೆ ಅಂದ್ರು, ನನ್ನ ಡಬ್ಬಿ ಜೋಡಿ ಹಿಂದ ಕುಂಡ್ರತೇನಿ ಅಂತ ಹಟಾ ಹಿಡದ್ರು. ಕಪಾಟಿಗೆ ಒತ್ತಿ ಒಂದು ಕುರ್ಚಿ ಕಟ್ಟಿ ಕುಂಡ್ರಿಸಿದ್ವಿ. ನಾ ಅವರ ಕಾಲಬುಡಕ ಭಾಂಡೆಸಾಮಾನು ಹಿಡ್ಕೊಂಡು ಕುಂತೆ. ಟೆಂಪೊ ಓಣಿ ಬಿಟ್ಟು ಹೊಂಟಿತ್ತು ಇಲ್ಲೋ, ಅತ್ತಿ ಡಬ್ಬಿ ಮುಚ್ಚಳ ತಗದು ಬಗಸಿ ತುಂಬ ಚಿಲ್ಲರ ದಾರಿಗೆ ತೂರಿದ್ರು.

ಇದೇನು ಮಾಡಾಕತ್ತೀರಿ, ತಲಿ ನೆಟ್ಟಗ ಐತೋ ಇಲ್ಲೋ ಅಂತ ಕೈ ಹಿಡದೆ. ಅವರು ನನ್ನ ಕೈ ಬಿಡಿಸಿಕೊಂಡು ಸಮಾಧಾನಲೆ ಹೇಳಿದ್ರು:

"ಸತ್ತ ಮ್ಯಾಲ ಯಾರು ಬಗ್ಗತಾರೋ ಇಲ್ಲೋ ನಂಗ ಕಾಣೂದಿಲ್ಲ. ಕಣ್ಣಿದ್ದಾಗ ನೋಡತೇನಿ, ಬಿಡು."

ಕುರ್ಚಿ ಮ್ಯಾಲ ನೆಟ್ಟಗ ಕುಂತು ತೂರೂದು ನೋಡಿದ್ರ, ಅವರನ್ನ ವಿಮಾನದಾಗ ಕುಂಡ್ರಿಸಿದಂಗ ಇತ್ತು. ಶಿವಾ ಶಿವಾ ಅಂತ ಮುಖಾ ಆಚೆ ತಿರುವಿದೆ.

ಮಂದಿ ಬಗ್ಗಿದ್ರು. ಅದು ಖರೇ. ಕಿರಾಣಿ ಅಂಗಡ್ಯಾವ ಬಗ್ಗಿದ, ಸಾಲಿ ಹುಡುಗ್ರು ಬಗ್ಗಿದ್ರು, ಚಹಾದ ನವಾಜ ಕೆಟಲಿ ಇಟ್ಟು ಬಂದು ಬಗ್ಗಿದ. ಅತ್ತಿ ಮಾರಿ ಅರಳಿತು. ಆಮ್ಯಾಲ ಎಲ್ಲಾರೂ ಟೆಂಪೊ ಹಿಂದ ಓಡಾಕ ಹತ್ತಿದ್ರು. ಅಜ್ಜಿ, ನಿಮ್ಮ ಡಬ್ಬಿ ಉರುಳೇತಿ, ರೊಕ್ಕ ಬಿದ್ದಾವ, ತಗೋರಿ ಅಂತ. ನವಾಜ ಫಾರೂಕಗ ಗಾಡಿ ನಿಂದರಸಾಕ ಹೇಳಿ, ಹಿಡಿ ತುಂಬ ಚಿಲ್ಲರ ತಂದು ಅತ್ತಿ ಉಡ್ಯಾಗ ಸುರುವಿದ. ಒಬ್ಬ ಬೈಕಿನವ ಹಿಂದಿಂದ ಬಂದು ಒಂದೇ ಒಂದು ರೂಪಾಯಿ ಕೊಟ್ಟು ಹೋದ.

ನನ್ನ ಗುಣಾನೂ ಸುಮ್ನಿರಬೇಕಲ್ಲ. ಅಲ್ಲೊಂದು ಬಿದ್ದೈತಿ, ಗಟಾರದ ಅಂಚಿಗೆ ನೋಡ್ರಿ, ಅಂತ ಕೈ ಮಾಡಿ ತೋರಸಾಕತ್ತಿದ್ದೆ. ಅತ್ತಿ ಮುಂದಿನ ಓಣ್ಯಾಗ ಮತ್ತ ತೂರಿದ್ರು. ಮತ್ತ ವಾಪಸ್ ಬಂತು. ಇಟ್ಕೋರೆಪಾ, ನಿಮಗ ಕೊಟ್ಟದ್ದು ಅಂದ್ರ ಹುಡುಗ್ರು ನಕ್ಕು, ನಮಗ್ಯಾಕಜ್ಜಿ ಚಿಲ್ಲರ ಅಂತ ಮಡಲಿಗೆ ಹಾಕಿ ಓಡಿದ್ರು. ಬರಬರತ ಅತ್ತಿ ಕೈ ಸಣ್ಣದಾತು. ಬಗಸಿ ಹೋಗಿ ಹಿಡಿ ಆತು, ಹಿಡಿ ಹೋಗಿ ಚಿಟಿಕಿ ಆತು.

ಬೆಂಗೇರಿ ಸಂತಿ ಬಯಲು ಬರೂ ಹೊತ್ತಿಗೆ ಕೊನೀದೊಂದು ಚಿಟಿಕಿ ಚೆಲ್ಲಿ, ಡಬ್ಬಿ ಮುಚ್ಚಿ, ಕಣ್ಣು ಮುಚ್ಚಿ ಕುಂತುಬಿಟ್ರು. ಅತ್ತಿ ಮಾರಿ ನೋಡಾಕ ಆಗಲಾರದ ನಾ ದಾರಿ ಕಡೆ ನೋಡಿದೆ. ಒಂದು ಹತ್ತರ ಕಾಯಿನ್ ಉರುಳಿಕೋತ ಹೋಗಿ ಬೋರಿನ ಹತ್ರ ನಿಂತ ಒಂದು ಹುಡುಗಿ ಮುಂದ ಬಿತ್ತು. ಯೂನಿಫಾರ್ಮಿನ ಲಂಗಾ, ಕೈಯಾಗ ಕೊಡಾ. ಏ ಹುಡುಗಿ, ಇಲ್ಲಿ ತಾ ಅಂತ ಒದರಬೇಕಂತ ಬಾಯಿ ತಗದೆ.

ಆ ಹುಡುಗಿ ಆ ಕಡೆ ನೋಡಿತು, ಈ ಕಡೆ ನೋಡಿತು. ಮೆಲ್ಲಕ ಚಪ್ಪಲಿ ಕಾಲು ಮುಂದಿಟ್ಟು ಕಾಯಿನ್ ಮುಚ್ಚಿತು. ಆಮ್ಯಾಲ ಲೈಟಿನ ಕಂಬದ ಮ್ಯಾಲಿನ ಕಾಗಿ ನೋಡ್ಕೋತ ನಿಂತಿತು.

ತಗದ ಬಾಯಿ ಮುಚ್ಚಿದೆ. ಹುಟ್ಟಿ ಬುದ್ಧಿ ಬಂದ ಮ್ಯಾಲ ಹಂಗ ಬಾಯಿ ಮುಚ್ಚಿದ್ದು ನಾ ಅದ ಮೊದಲು. ಅತ್ತಿ ಮೊಣಕಾಲು ಹಿಡದು ಅಲುಗಾಡಿಸಿ, "ಅತ್ತಿ, ಹಿಂದ ನೋಡ್ರಿ. ಆಕಿ ಕಾಲು ನೋಡ್ರಿ," ಅಂದೆ.

ಅತ್ತಿ ಕಣ್ಣು ತಗದು ನೋಡಿದ್ರು. ಟೆಂಪೊ ಮುಂದ ಮುಂದ ಹೊಂಟಿತ್ತು. ಹುಡುಗಿ ಕಾಲು ಅಲುಗಿಸಲಿಲ್ಲ. ಹಿಂದಿಂದ ಇಬ್ಬರು ಹುಡುಗ್ರು ಸೈಕಲ್ ಮ್ಯಾಲ ಬರಾಕತ್ತಿದ್ರು. ಅತ್ತಿ ಕುರ್ಚಿ ಕೈ ಗಟ್ಟಿ ಹಿಡಕೊಂಡು ಅರ್ಧಾ ಎದ್ರು. ಆಕಿಗೆ ಕೇಳಸೂದಿಲ್ಲ ಅಂತ ಗೊತ್ತಿದ್ರೂ ಪಿಸುಮಾತಿನ್ಯಾಗ ಹೇಳಿದ್ರು:

"ಈಗ ಎತ್ತಬ್ಯಾಡವ್ವಾ. ಇನ್ನೊಂದೀಟು ತಡಿ. ಅವ್ರು ದಾಟ್ಲಿ."

ಟೆಂಪೊ ಹೊಳ್ಳೂತನಕ ಇಬ್ಬರೂ ನೋಡಿದ್ವಿ. ಸೈಕಲ್ಲು ದಾಟಿ ಹೋದ್ವು. ಹುಡುಗಿ ಇನ್ನೂ ಕಾಗಿ ನೋಡಾಕತ್ತಿತ್ತು.

ಹೊಸಾ ಮನ್ಯಾಗ ಸಾಮಾನು ಇಳಿಸಿ ಮುಗದ ಮ್ಯಾಲ ಅತ್ತಿ ಎರಡು ರೊಟ್ಟಿ ಉಂಡ್ರು. ಕೈ ತೊಳಕೊಂಡು, ಆ ಡಬ್ಬಿಗಳದ್ದೆಲ್ಲ ಚೀಲಾ ಕಟ್ಟಿ ಬ್ಯಾಂಕಿಗೆ ಹಾಕ್ರಿ ಅಂತ ಮಗಗ ಹೇಳಿದ್ರು. ನಿನ್ನ ಮಣ್ಣಿಗೆ ಬ್ಯಾಡೇನಬೇ ಅಂತ ಅವರು ಗಾಬರಿಲೆ ಕೇಳಿದ್ರ, ಮುಟ್ಟೂದು ಮುಟ್ಟೇತಿ ಅಂದ್ರು. ನಮ್ಮ ಮನಿಯವರಿಗೆ ತಿಳೀಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಮನಿಯವರೀಗ ದಿನಾ ಒಂದೊಂದು ಚೀಲಾ ಬ್ಯಾಂಕಿಗೆ ಒಯ್ಯಾಕತ್ತಾರ. ಮಂಚದ ಕೆಳಗ ನನ್ನ ಕಸಬರಗಿ ಸರಾಗ ಹೋಗ್ತೈತಿ.